ಮೊಲದ ತೊಗಲಿಗೆ ಅಣ್ಣನ ಕೈ

ಮುಂದಿನ ಕೋಣೆಯಲ್ಲಿ ಚಮಚ ಲೋಟಕ್ಕೆ ತಾಗ್ತಿದೆ, ಅಣ್ಣ ನಗ್ತಿದಾನೆ, ಸಕ್ಕರೆ ಇನ್ನೊಂಚೂರು ಹಾಕ್ಲಾ ಅಂತ ಅತ್ತಿಗೆ, ಟೋಪಿ ಹೊಲಿಯೋಕೆ ತೊಗಲು ಕೊಳ್ಳೋಕೆ ಬಂದಿರೋ ಟೋಪಿಯಮ್ಮನ್ನ ಕೇಳ್ತಿದಾಳೆ — ಹಾಕಮ್ಮ, ಧಾರಾಳವಾಗಿ ಹಾಕು, ಇಲ್ಲಿ ಹಿಂದಿನ ಕೋಣೆಯಲ್ಲಿ ನಾನು ಹರಿದ ಮೊಲದ ತೊಗಲು ಹಿಡ್ಕೊಂಡು ನಿಂತಿರೋದು ಯಾರಿಗೇನು, ಹೊಟ್ಟೆಯ ಭಾಗಕ್ಕೇ ತೂತು, ಇರೋದ್ರಲ್ಲೇ ತೆಳು ಜಾಗ ಅದು, ಈರುಳ್ಳಿ ಸಿಪ್ಪೆ ಹಾಗೆ, ಯಾರು ಕೇಳಿದ್ರು ಈ ಅಣ್ಣನ್ನ, ಎಳೆದು ತೋರ್ಸಪ್ಪ ಅಂತ ಟೋಪಿಯಮ್ಮ ಬಾಯಿಬಿಟ್ಟು ಕೇಳಿದ್ರಾ, ಪಾಪ ಅವರು ತುಪ್ಪಳದ ಮೇಲೆ ಬೆರಳಾಡಿಸ್ತಾ ಕೂತಿದ್ರು, ಇವನೇ ಕಸ್ಕೊಂಡ, ನಮ್ಮ ಮನೆ ಮಾಲು ಅಮ್ಮ, ಆನೆ ಎಳೆದ್ರೂ ಜಗ್ಗಲ್ಲ ಅಂದ, ಎಳೆದ, ಪರ್ ಅಂತ ಸದ್ದಾಯ್ತು, ಬಿಳೀ ತುಪ್ಪಳದ ನಡುವಿಂದ ಅವನ ಹೆಬ್ಬೆಟ್ಟು ಈಚೆ ಬಂತು, ಕಪ್ಪು ಉಗುರಿನ ದಪ್ಪ ಹೆಬ್ಬೆಟ್ಟು. ನಾಚಿಕೆಯಾಗ್ಬೇಕಲ್ಲ ಮನುಷ್ಯನಿಗೆ, ಊಹೂಂ, ಬೆರಳನ್ನ ಹೊರಗೂ ತೆಗೀದೆ ಹಲ್ಲು ಕಿರಿದು, ನನ್ನ ತಂಗಿ ಕೈ ಸ್ವಲ್ಪ ಜಾಸ್ತಿ ಓಡುತ್ತೆ ನೋಡಿ, ಹೆರೆದೂ ಹೆರೆದೂ ತೆಳ್ಳಗೆ ಮಾಡಿಬಿಟ್ಟಿದಾಳೆ ಅಂದ, ಗೂಬೆ ತಂದು ನನ್ನ ತಲೆ ಮೇಲೆ ಕೂರಿಸಿದ, ಹರಿದದ್ದನ್ನ ಇಸ್ಕೊಂಡು ನಾನು ಇಲ್ಲಿಗೆ ಬಂದೆ. ನಾನು ಹೆರೆದದ್ದಾ, ನಾನಾ, ನಮ್ಮಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಬರೋಷ್ಟರಲ್ಲಿ ಇವನೇ ಅಲ್ವಾ ಒಳಗೆ ನುಗ್ಗಿ, ಎತ್ತಿನ ಚರ್ಮ ಹೆರೆಯೋ ದಿಮ್ಮಿ ಮೇಲೆ ಇದನ್ನ ಬೋರಲು ಹಾಕಿ, ಎರಡು ಹಿಡಿಯ ಕತ್ತಿ ಎಳೆದದ್ದು, ನಿನಗೆ ಸಹಾಯ ಆಗ್ಲಿ ಅಂತ ಮಾಡ್ದೆ ಕಣೇ ಅಂತ ಬೇರೆ. ಸಹಾಯವಂತೆ. ಮೊಲದ ತೊಗಲಿಗೆ ಕತ್ತಿ ಯಾಕೋ ಅಣ್ಣ, ಪಟಿಕ ಉಪ್ಪಿನ ನೀರಲ್ಲಿ ನೆನೆದ ಮೇಲೆ ಒಳಗಿನ ಪೊರೆ ತಾನೇ ಸಡಿಲ ಆಗುತ್ತೆ, ಬಾಲದ ಕಡೆಯಿಂದ ಬೆರಳಲ್ಲಿ ಎಬ್ಬಿಸ್ಕೊಂಡು ಬಂದ್ರೆ ಮಗುವಿನ ಅಂಗಿ ಬಿಚ್ಚಿದ ಹಾಗೆ ಬರುತ್ತೆ ಅಂತ ಎಷ್ಟು ಸಲ ಬಡ್ಕೊಂಡಿದೀನಿ, ಬಟ್ಟೆ ಹಿಂಡಿದ ಹಾಗೆ ತಿರುಚಬೇಡ, ಬಿಸಿಲಿಗೆ ಹಾಕ್ಬೇಡ, ಮೊಲ ಸಾಕುವವನು ಹಸಿ ತೊಗಲನ್ನ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ತಂದ್ರೆ ಇಸ್ಕೋಬೇಡ, ಒಳಗೇ ಬೆವೆತು ಕೂದಲು ಹಿಡಿಹಿಡಿ ಉದುರುತ್ತೆ — ಕೇಳಿದ್ರೆ ತಾನೆ, ಇವನಿಗೆ ಚರ್ಮ ಅಂದ್ರೆ ಎತ್ತು ಎಮ್ಮೆ ಮಾತ್ರ, ಉಳಿದದ್ದೆಲ್ಲ ಹೆಂಗಸರ ಆಟ. ಕತ್ತಿ ಆಳಕ್ಕೆ ಹೋಗಿ ಒಳಮೈಯಲ್ಲಿ ಕೂದಲಿನ ಬುಡ ಚುಕ್ಕಿಚುಕ್ಕಿಯಾಗಿ ಕಾಣ್ತಿತ್ತು, ಕಂಡ ತಕ್ಷಣ ಹೇಳ್ದೆ, ಅಣ್ಣ ಇದು ಕೆಟ್ಟಿದೆ, ಟೋಪಿಯಮ್ಮನಿಗೆ ಇದನ್ನ ತೋರಿಸ್ಬೇಡ ಅಂತ ಪಕ್ಕಕ್ಕಿಟ್ಟೆ, ಅದನ್ನೇ ಎತ್ಕೊಂಡು ಹೋದ, ಎಲ್ಲಕ್ಕಿಂತ ಬೆಳ್ಳಗಿದೆ ಕಣೇ ಅಂದ.

ಅತ್ತಿಗೆ ಈಗ ಶುರು ಮಾಡಿದ್ಲು, ಕೇಳುತ್ತೆ ನನಗೆ, ನಡುವೆ ಇರೋದು ಬರೀ ಪರದೆ, ಈ ಮೊಲದ ಗೋಳು ಸಾಕಮ್ಮ, ಆ ಕೋಣೆ ನನ್ನ ತಮ್ಮನಿಗೆ ಕೊಟ್ರೆ ಅವನ ಹಳೇ ಟಯರ್‌ಗಳನ್ನಾದ್ರೂ ಜೋಡಿಸ್ಕೊತಾನೆ ಅಂತಿದಾಳೆ — ಟಯರ್, ಈ ಕೋಣೆಯಲ್ಲಿ, ನಾನೇ ಸುಣ್ಣ ಬಳಿದ ಕೋಣೆಯಲ್ಲಿ, ಟೋಪಿಯಮ್ಮ ನಿನ್ನ ಮಾಲು ಒಪ್ಪಿದ್ರೆ ಕೋಣೆ ನಿನಗೆ, ಇಲ್ಲಾಂದ್ರೆ ವಾಪಸ್ಸು ಅಂಗಳಕ್ಕೆ ಬಂದು ಎತ್ತಿನ ಚರ್ಮದ ಉಪ್ಪು ತೊಳಿ ಅಂತ ಅಣ್ಣ ಹೇಳಿದ್ದ, ಆ ಉಪ್ಪುನೀರಿಗೆ ಬಿರಿದ ಕೈ ಈಗ ತಾನೆ ಕೂಡ್ಕೊಂಡಿದೆ, ಹೋಗಲ್ಲ, ಮತ್ತೆ ಅಲ್ಲಿಗೆ ಹೋಗಲ್ಲ ನಾನು. ಕುರ್ಚಿಯ ಬೆನ್ನ ಮೇಲೆ ಇನ್ನೊಂದು ತೊಗಲಿದೆ, ಪೂರ್ತಿ ನನ್ನ ಕೈಯದೇ, ಇನ್ನೂ ಚೂರು ತೇವ, ಈಗ ಬಿಟ್ರೆ ಒಣಗಿ ಹಪ್ಪಳ ಆಗುತ್ತೆ, ಕುರ್ಚಿಯ ಅಂಚಿಗೆ ಹಾಕಿ ಆ ಕಡೆ ಈ ಕಡೆ ಮೆಲ್ಲಗೆ ಎಳೀತೀನಿ, ಎಳೆದ ಕಡೆಯೆಲ್ಲ ಬೆಳ್ಳಗಾಗ್ತಾ ಮೆತ್ತಗಾಗ್ತಾ ಬರ್ತಿದೆ, ನನ್ನ ಹಲ್ಲು ಮಾತ್ರ ಕಟಕಟ ಅಂತಿದೆ, ತುಪ್ಪಳದ ನಡುವಿಂದ ಮತ್ತೆ ಹೆಬ್ಬೆಟ್ಟು, ಕಣ್ಣು ಮುಚ್ಚಿದ್ರೂ ಹೆಬ್ಬೆಟ್ಟು, ಸಾಕು, ಎರಡೂ ಎತ್ಕೊಂಡು ಹೊರಟೆ, ಪರದೆ ಸರಿಸಿದೆ. ಹರಿದದ್ದನ್ನ ಟೋಪಿಯಮ್ಮನ ಮುಂದೆ ಹರಡಿ, ಅಮ್ಮ ಇದನ್ನ ಹೆರೆದದ್ದು ಅಣ್ಣ, ಎತ್ತಿನ ಚರ್ಮದ ಕತ್ತಿಯಲ್ಲಿ, ಚುಕ್ಕಿ ನೋಡಿ, ಇದು ನಾನು ಮಾಡಿದ್ದು ಅಂತ ಇನ್ನೊಂದನ್ನ ಮಡಿಲಿಗೆ ಹಾಕ್ದೆ. ಅವರು ಎರಡರ ಒಳಮೈಯನ್ನೂ ಬೆಳಕಿಗೆ ಹಿಡಿದು ನೋಡಿದ್ರು, ಲೋಟ ಪಕ್ಕಕ್ಕೆ ಸರಿಸಿದ್ರು, ಅಣ್ಣನ ಕಡೆ ತಿರುಗಲೇ ಇಲ್ಲ, ಇಂಥದ್ದು ಒಳಗೆ ಇನ್ನೂ ಇದೆಯೇನಮ್ಮ ಅಂತ ನನ್ನನ್ನ ಕೇಳಿದ್ರು, ನನ್ನನ್ನ, ಇವೆ ಅಂದೆ, ಅಷ್ಟರಲ್ಲಿ ಅಣ್ಣ, ಕೊಡಿ ಇಲ್ಲಿ, ಇದೂ ಜಗ್ಗುತ್ತೋ ಇಲ್ವೋ ನೋಡೋಣ ಅಂತ ಕೈ ಚಾಚಿದ, ಮುಟ್ಟಬೇಡ ಅಂದೆ, ಹುಟ್ಟಿದಾಗಿಂದ ಅವನಿಗೆ ಹೇಳದ ಮಾತು, ಕಂಡವರ ಮುಂದೆ, ಅವನ ಹೆಂಡತಿಯ ಮುಂದೆ, ಮುಟ್ಟಬೇಡ ಅಣ್ಣ — ಚಾಚಿದ ಕೈ ಮುಂದಕ್ಕೂ ಬರ್ಲಿಲ್ಲ ಹಿಂದಕ್ಕೂ ಹೋಗ್ಲಿಲ್ಲ, ತುಪ್ಪಳಕ್ಕೆ ಒಂದು ಬೆರಳು ದೂರ, ಗಾಳಿಯಲ್ಲಿ, ಆ ಹೆಬ್ಬೆಟ್ಟು, ಕಪ್ಪು ಉಗುರು, ಹೆಬ್ಬೆಟ್ಟು