ದೊರೆಯ ಉಪವಾಸ

ಲಿಫ್ಟ್ ರಿಪೇರಿಯವನ ಮನೆಯ ಹಾಲ್‌ನಲ್ಲಿ ಅರ್ಧ ಜಾಗವನ್ನು ಒಂದು ಗಾಜಿನ ತೊಟ್ಟಿ ನುಂಗಿತ್ತು. ಅದರೊಳಗೆ ದೊರೆ. ಹಾವಿನಂಥ ತಲೆ, ಮೊಳದುದ್ದ ಮೈ, ಬಾಯಿ ತುಂಬ ಹಲ್ಲು. ತಂದಾಗ ಬೆರಳಷ್ಟಿದ್ದ ಮೀನು. ಉಳಿದರ್ಧ ಜಾಗದಲ್ಲಿ ಅವನ ಹೆಂಡತಿ, ಅವಳ ಹೊಲಿಗೆ ಯಂತ್ರ ಮತ್ತು ಅವಳ ಬೈಗುಳ ಹೇಗೋ ಹೊಂದಿಕೊಂಡಿದ್ದವು.

ದೊರೆ ಜೀವಂತ ಮರಿಮೀನು ತಿಂದು ಬೆಳೆದವನು. ಆದರೆ ಅಂಥ ಮರಿಗಳಿಂದ ಬಂದ ರೋಗಕ್ಕೆ ಹಿಂದೆ ಪಕ್ಕದಲ್ಲಿದ್ದ ಪುಟ್ಟ ತೊಟ್ಟಿಯ ಮೀನು ಸತ್ತ ದಿನವೇ ಲಿಫ್ಟಿನವನು ಆಣೆ ಮಾಡಿದ್ದ: ಇನ್ನು ಮುಂದೆ ಪೆಲೆಟ್ ಮಾತ್ರ, ಒಣ ಉಂಡೆ, ಡಬ್ಬಿಯಿಂದ. ಹಸಿವು ತಾಳಲಾರದೆ ತಾನೇ ತಿನ್ನುತ್ತದೆ ಎಂದು ಮೀನಿನ ಅಂಗಡಿಯವನು ಭರವಸೆ ಕೊಟ್ಟಿದ್ದ.

ದೊರೆ ತಿನ್ನಲಿಲ್ಲ. ಸಂಜೆ ಇವನು ಕೆಲಸದಿಂದ ಬಂದು ಮುಚ್ಚಳ ತೆಗೆದರೆ ಸಾಕು, ಮೀನು ತೊಟ್ಟಿಯಲ್ಲಿಟ್ಟಿದ್ದ ಮರದ ಬೊಡ್ಡೆಯ ಹಿಂದೆ ನುಸುಳಿ ಬಾಲ ತೋರಿಸುತ್ತಿತ್ತು. ಪೆಲೆಟ್ ಮುಳುಗಿ ಊದಿಕೊಳ್ಳುತ್ತಿತ್ತು. ಅದನ್ನು ಬಲೆಯಲ್ಲಿ ಬಾಚಿ, ಕೊಳಕು ನೀರು ಹೀರುವ ನಳಿಗೆ ಇಳಿಸಿ, ಬಕೆಟ್‌ಗಟ್ಟಲೆ ನೀರು ಹೊತ್ತು ಹೊಯ್ಯುವಷ್ಟರಲ್ಲಿ ಇವನ ಸೊಂಟ ಬಿದ್ದುಹೋಗುತ್ತಿತ್ತು.

"ತಿನ್ನೋ ಮಾರಾಯ! ಒಂದೇ ಒಂದು ತಿನ್ನು, ನಿನ್ನ ಕಾಲಿಗೆ ಬೀಳ್ತೀನಿ!"

"ಅದಕ್ಕೆ ಕಾಲಿಲ್ಲ," ಎಂದಳು ಹೆಂಡತಿ, ಗುಂಡಿ ಹಚ್ಚುತ್ತ. "ನಂಗಿದೆ. ಒಂದಿನ ಎದ್ದು ಹೋಗ್ತೀನಿ ನೋಡಿ."

ಹಸಿವಿನಿಂದ ದೊರೆ ಸತ್ತರೆ ಕೊಂದವನು ತಾನೇ. ಈ ಯೋಚನೆ ಲಿಫ್ಟಿನವನ ನಿದ್ದೆ ಕೆಡಿಸಿತ್ತು. ಮರಿಮೀನು ಹಾಕಿದರೆ ರೋಗದ ಭಯ, ಹಾಕದಿದ್ದರೆ ಈ ಹಟಮಾರಿಯ ಉಪವಾಸ. ಅತ್ತ ದರಿ, ಇತ್ತ ಪುಲಿ ಎಂದರೆ ಇದೇ. ಸಾಲದ್ದಕ್ಕೆ ಫಿಲ್ಟರ್ ಬೇರೆ ಕಟ್ಟಿಕೊಳ್ಳುತ್ತಿತ್ತು. ತಿನ್ನದ ಮೀನಿಗೆ ಇಷ್ಟು ಹೇಲು ಎಲ್ಲಿಂದ ಬಂತು ಎಂದು ಬೇರೆ ಯಾರಾದರೂ ಆಗಿದ್ದರೆ ಕೇಳಿಕೊಳ್ಳುತ್ತಿದ್ದರು. ಇವನು ಮೋಟಾರು ನಂಬಿ ಬದುಕಿದ ಮನುಷ್ಯ. ತಪ್ಪೆಲ್ಲ ಮೋಟಾರಿನದೇ ಎಂದು ಅದನ್ನು ಬಿಚ್ಚಿದ, ಜೋಡಿಸಿದ, ಬೈದ, ಮತ್ತೆ ಬಿಚ್ಚಿದ.

ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿದು ಮನೆಗೆ ಬಂದ. ಬಾಗಿಲು ಓರೆಯಾಗಿತ್ತು. ತೊಟ್ಟಿಯ ಮುಚ್ಚಳ ತೆರೆದಿತ್ತು. ಹೆಂಡತಿ ಸ್ಟೂಲಿನ ಮೇಲೆ ನಿಂತು, ಅಡುಗೆಮನೆಯ ಇಕ್ಕಳದಲ್ಲಿ ಏನನ್ನೋ ಹಿಡಿದು ನೀರಿನ ಮೇಲೆ ತೂಗಾಡಿಸುತ್ತಿದ್ದಳು. ದೊರೆ ನೀರು ಸೀಳಿ ಬಂದು ಲಪಕ್ಕನೆ ಕಸಿದುಕೊಂಡ.

"ಕೊಂದೆಯಲ್ಲೇ!" ಎಂದು ಇವನು ಕಿರುಚಿದ. "ಮರಿಮೀನು ಹಾಕ್ಬೇಡ ಅಂತ ಎಷ್ಟು ಸಲ ಬಡ್ಕೊಂಡೆ!"

ಆ ಕೂಗಿಗೆ ದೊರೆ ಬೊಡ್ಡೆಯ ಹಿಂದೆ ಮಾಯವಾದ. ಹೆಂಡತಿ ಇಳಿಯಲೂ ಇಲ್ಲ. ಇಕ್ಕಳದ ತುದಿಯಲ್ಲಿ ಇನ್ನೊಂದನ್ನು ಹಿಡಿದು ಇವನ ಮೂಗಿನ ಮುಂದೆ ತಂದಳು. ಪೆಲೆಟ್.

"ಮೊದಲು ಸಿಗಡಿ ಹೊಟ್ಟೆ ಸೀಳಿ ಅದರೊಳಗೆ ತುರುಕಿ ಕೊಟ್ಟೆ. ಆಮೇಲೆ ಸಿಗಡಿ ಕಮ್ಮಿ ಮಾಡ್ತಾ ಬಂದೆ. ಈಗ ಬರೀ ಇದನ್ನೇ ತಿನ್ನುತ್ತೆ."

ಇವನಿಗೆ ಸಂತೋಷಪಡಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

"ನಿಂಗೆ ಅದನ್ನ ಕಂಡ್ರೆ ಆಗಲ್ಲ ಅಲ್ವಾ?"

"ಈಗ್ಲೂ ಆಗಲ್ಲ. ಆದ್ರೆ ದಿನವಿಡೀ ಗಾಜಿಗೆ ಮೂತಿ ಒತ್ಕೊಂಡು ನನ್ನೇ ನೋಡ್ತಿತ್ತು ರೀ. ನೀವು ಪ್ರೀತಿ ಮಾಡೋರು, ಉಪವಾಸ ಕೆಡವಿ ಕೆಲಸಕ್ಕೆ ಹೋದ್ರಿ. ಹಸಿದಿರೋದನ್ನ ನೋಡ್ತಾ ಕೂತವಳು ನಾನು."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀರು ಬದ್ಲಾಯ್ಸೋದನ್ನೂ ನನ್ನ ತಲೆಗೇ ಕಟ್ತಿದ್ರಿ."

ಇವನು ಇಕ್ಕಳ ಕಿತ್ತುಕೊಂಡು ಸ್ಟೂಲು ಹತ್ತಿದ. ಮೆಲ್ಲಗೆ ಕರೆದ, ಪುಸಲಾಯಿಸಿದ. ಬೊಡ್ಡೆಯ ಹಿಂದಿನ ಬಾಲ ಅಲುಗಲಿಲ್ಲ.

"ನಿಮ್ಮನ್ನ ಕಂಡ್ರೆ ಅದಕ್ಕೆ ಬಲೆ, ನಳಿಗೆ ಅಷ್ಟೇ ನೆನಪಾಗೋದು," ಎಂದಳು ಹೆಂಡತಿ. ಈ ಸಲ ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. ಇಕ್ಕಳವನ್ನು ಅವಳ ಕೈಗೆ ಕೊಟ್ಟು ಅಡುಗೆಮನೆಗೆ ಹೋದ. ಬಾಗಿಲ ಮರೆಯಲ್ಲಿ ನಿಂತು, ಸಂದಿಗೆ ಕಣ್ಣು ಹಚ್ಚಿದ. ಇಷ್ಟು ದಿನ ಕಾಲು ಹಿಡಿದು ಬೇಡಿದರೂ ಮುಟ್ಟದಿದ್ದ ತುತ್ತನ್ನು ದೊರೆ ಬಾಯಿಗೆ ಹಾಕಿಕೊಳ್ಳುವುದನ್ನು ಒಮ್ಮೆಯಾದರೂ ಕಣ್ತುಂಬ ನೋಡಬೇಕೆನಿಸಿತ್ತು.

ಹೆಂಡತಿ ತಿರುಗದೆಯೇ ಪಿಸುಗುಟ್ಟಿದಳು:

"ಇನ್ನೂ ಸ್ವಲ್ಪ ಹಿಂದೆ ಹೋಗಿ. ನಿಮ್ಮ ನೆರಳು ಕಾಣಿಸ್ತಿದೆ ಅದಕ್ಕೆ."