ಇಟ್ಟೆ ಅನ್ನುವವರೆಗೆ

ಮನೆ ಸಾಮಾನು ಹೊರುವವರಲ್ಲಿ ಒಂದು ಕಟ್ಟಳೆ ಉಂಟು. ಮೆಟ್ಟಿಲಿಳಿಸುವಾಗ ಕೆಳಗಿನವನು 'ಇಟ್ಟೆ' ಅನ್ನುವವರೆಗೆ ಮೇಲಿನವನು ಕೈ ಬಿಡುವಂತಿಲ್ಲ. ಮೂಗು ತುರಿಸಲಿ, ಮನೆಗೆ ಬೆಂಕಿ ಬೀಳಲಿ, ಬಿಡುವಂತಿಲ್ಲ.

ಇಪ್ಪತ್ತು ವರ್ಷ ಪಳಗಿದ ನಮ್ಮ ಹಮಾಲಿ ಮಹಾಶಯ ಬಿಟ್ಟಿದ್ದ. ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು, ಒಂದು ಕೈ ಅತ್ತ ಹೋಯಿತು, ಅಷ್ಟೇ. ಕಬ್ಬಿಣದ ಬೀರು ಕೆಳಗಿದ್ದ ಭಾಮೈದನ ಮೇಲೆ ಬಿತ್ತು, ಅದರ ಹಿಂದೆ ಇವನೂ ಉರುಳಿದ. ಭಾಮೈದ ಅಲ್ಲೇ ಹೋದ. ಇವನ ಸೊಂಟ ಮುರಿಯಿತು, ನಾಲಿಗೆ ಮಾತ್ರ ನೆಟ್ಟಗಿತ್ತು. "ಬೀರು ಕಟ್ಟಿದ್ದ ಬೆಲ್ಟು ಕಿತ್ತುಹೋಯ್ತು" ಅಂದ. ಎಲ್ಲರೂ ನಂಬಿದರು. ಹೆಂಡತಿಯೂ ನಂಬಿದಳು. ಸತ್ತವನು ಅವಳ ಒಬ್ಬನೇ ತಮ್ಮ.

ಮೂರು ತಿಂಗಳ ಮೇಲೆ ಫಿಸಿಯೋ ಮೇಡಂ ಬಂದರು. "ಬೆನ್ನಿಗೆ ಬಲ ಬರೋದು ಹೊಟ್ಟೆಯಿಂದ ಕಣ್ರೀ. ಮೊಣಕೈ ಮೇಲೆ, ಕಾಲ್ಬೆರಳ ಮೇಲೆ ಹಲಗೆ ಥರ ನಿಲ್ಲಿ. ಹತ್ತು ಎಣಿಸಿ ಇಳೀರಿ. ಜಾಸ್ತಿ ಪೌರುಷ ಬೇಡ."

ಎಣಿಸುವ ಕೆಲಸ ಹೆಂಡತಿಯದು. ಮೊದಲ ದಿನ ಬೆಳಿಗ್ಗೆ ಅವಳು ಎಂಟು ಅನ್ನುವಷ್ಟರಲ್ಲಿ, ಅವನ ಹೊಟ್ಟೆಯ ಕೆಳಗಿನ ನೆಲದಿಂದ ಯಾರೋ ಕೇಳಿದರು.

"ಹಿಡ್ಕೊಂಡಿದ್ದೀರಾ ಭಾವ?"

ಪ್ರತಿ ಮೆಟ್ಟಿಲಿಗೂ ಭಾಮೈದ ಕೇಳುತ್ತಿದ್ದ ಮಾತೇ ಅದು. ಇಳಿಯಹೋದರೆ ಮೈ ಇಳಿಯಲೊಲ್ಲದು. ಕೆಳಗೆ ಅವನಿದ್ದಾನಲ್ಲ, ಮೇಲೆ ಬೀಳುವುದು ಹೇಗೆ? ಕೊನೆಗೆ ಪಕ್ಕಕ್ಕೆ ಹೊರಳಿ ಬಿದ್ದ. ಅಂದಿನಿಂದ ದಿನವೂ ಹಾಗೇ. ಹತ್ತು ನಲವತ್ತಾಯಿತು, ನಲವತ್ತು ನೂರಾಯಿತು. "ನಮ್ಮವರು ಉಕ್ಕಾಗಿಬಿಟ್ರು" ಎಂದು ಹೆಂಡತಿ ನೆರೆಯವರ ಮುಂದೆ ಕೊಚ್ಚಿಕೊಂಡಳು. ಉಕ್ಕೂ ಇಲ್ಲ, ಮಣ್ಣೂ ಇಲ್ಲ, ಪಾಪಿಗೆ ಹೆದರಿಕೆ.

ಒಂದು ದಿನ ಎಣಿಕೆ ಮುನ್ನೂರು ದಾಟಿತು. ಪಕ್ಕಕ್ಕೆ ಹೊರಳಲು ನೋಡಿದ. ಖಾಲಿ ಕೋಣೆಯ ನಡುವೆಯೇ ಎರಡೂ ಭುಜಕ್ಕೆ ಗೋಡೆ ತಾಗಿತು, ಬೀರು ಬಿದ್ದ ಆ ಇಕ್ಕಟ್ಟು ಮೆಟ್ಟಿಲ ಗೋಡೆ.

"ಸಾಕು, ಇಳೀರಿ" ಅಂದಳು ಹೆಂಡತಿ.

"ಆಗಲ್ಲ ಕಣೇ. ಅವನು ಇನ್ನೂ ಇಟ್ಟೆ ಅಂದಿಲ್ಲ."

"ಯಾರು?"

ಅವನು ಅತ್ತೇಬಿಟ್ಟ. "ನಿನ್ನ ತಮ್ಮ. ಬೆಲ್ಟು ಕಿತ್ತಿರಲಿಲ್ಲ. ಫೋನ್ ತೆಗೆಯೋಕೆ ಹೋಗಿ ನಾನೇ ಕೈ ಬಿಟ್ಟೆ."

ನೆಲದಡಿಯಿಂದ ಮೆಲ್ಲಗೆ ಬಂತು, "ಇಟ್ಟೆ ಭಾವ."

ತೋಳು ಸಡಿಲವಾಯಿತು. ತಣ್ಣನೆಯ ನೆಲಕ್ಕೆ ಕೆನ್ನೆ ಒತ್ತಿ, ಬದುಕಿದೆಯಾ ಬಡಜೀವವೇ ಎಂದು ಉಸಿರು ಬಿಟ್ಟ. ಆಗ ಹೆಂಡತಿಯ ಪಾದಗಳು ಅವನ ತಲೆಯ ಹತ್ತಿರ ಬಂದು ನಿಂತವು.

"ಏಳಿ" ಅಂದಳು. "ಅವನು ಇಟ್ಟೆ ಅಂದ, ನನಗೂ ಕೇಳಿಸ್ತು. ನಾನಿನ್ನೂ ಅಂದಿಲ್ಲ. ಹೂಂ, ಒಂದು..."