ಕೆಸರು ಓದುತ್ತಿದ್ದ ಅಕ್ಕ

ಫುಟ್‌ಬಾಲ್ ಮೈದಾನಕ್ಕೆ ಒಂದು ದಿನವೂ ಕಾಲಿಡದೆ, ಅಲ್ಲಿ ನಡೆದ ಆಟವನ್ನು ಆಡಿದವರಿಗಿಂತ ಚೆನ್ನಾಗಿ ಬಲ್ಲವರು ಯಾರಾದರೂ ಇದ್ದರೆ ಅದು ನನ್ನ ಅಕ್ಕ. ಅವಳದು ಲಾಂಡ್ರಿ. ಕಾರ್ಖಾನೆಯ ತಂಡದ ಅಂಗಿ ಚಡ್ಡಿಗಳು ಪ್ರತಿ ಭಾನುವಾರ ಸಂಜೆ ಒಂದು ದೊಡ್ಡ ಚೀಲ ಕೆಸರಾಗಿ ಅವಳ ಬಾಗಿಲಿಗೆ ಬರುತ್ತಿದ್ದವು. ಅವನ್ನು ಅವಳು ನೇರವಾಗಿ ಯಂತ್ರಕ್ಕೆ ಹಾಕಿದ್ದನ್ನು ನಾನು ಕಾಣೆ. ಹಿತ್ತಲಿನ ತಂತಿಗೆ ಒಂದರಿಂದ ಹನ್ನೊಂದರವರೆಗೆ, ನಂಬರಿನ ಪ್ರಕಾರ, ಕೊಳೆ ಇದ್ದ ಹಾಗೆಯೇ ನೇತುಹಾಕಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕವಾಯತಿನ ಸಾಲನ್ನು ಪರಿಶೀಲಿಸುವ ಮೇಲಧಿಕಾರಿಯ ಗಾಂಭೀರ್ಯದಿಂದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು.

ಆ ನಡಿಗೆಯೂ ಅವಳೊಬ್ಬಳದೇ. ಮೂವತ್ತು ವರ್ಷ ಒದ್ದೆ ಬಟ್ಟೆಯ ಬುಟ್ಟಿಯನ್ನು ಬಲ ಸೊಂಟದ ಮೇಲೆ ಹೊತ್ತು ಹೊತ್ತು, ಬುಟ್ಟಿ ಇಲ್ಲದಾಗಲೂ ಎಡಕ್ಕೆ ವಾಲಿಯೇ ನಡೆಯುವಳು. ಮೈಮೇಲೆ ತಂಡದವರು ಬೇಡವೆಂದು ಬಿಟ್ಟ ನೀಲಿ ಕೋಟು. ಅದರ ಜಿಪ್ಪು ಕೆಟ್ಟು ಯಾವ ಕಾಲವಾಯಿತೋ, ತೋಳುಗಳು ಎರಡು ಸುತ್ತು ಮಡಚಿದರೂ ಬೆರಳಿನವರೆಗೆ ಬರುತ್ತಿದ್ದವು. ಹಾಗೆ ನಡೆಯುತ್ತ ಒಂದೊಂದು ಅಂಗಿಯ ಮುಂದೆ ನಿಂತು ತೀರ್ಪು ಕೊಡುತ್ತಿದ್ದಳು.

"ಏಳನೆಯವನ ಚಡ್ಡಿ ಪಕ್ಕದಲ್ಲಿ ಹುಲ್ಲಿನ ಹಸಿರು. ಜಾರಿ ಹೋಗಿ ಚೆಂಡು ಕಿತ್ಕೊಂಡಿದ್ದಾನೆ, ಭೇಷ್. ಎರಡನೆಯವನ ಕಾಲರ್ ನೋಡು, ಹಲ್ಲಿನ ಗುರುತು. ಹೆದರ್ಕೊಂಡಿದ್ದಾನೆ ಪಾಪ. ಒಂಬತ್ತು... ಒಂದು ಕಲೆಯೂ ಇಲ್ಲ, ಒಂಬತ್ತು ಮದುವೆ ಮನೆಗೆ ಬಂದವನ ಹಾಗೆ ನಿಂತಿದ್ದ ಕಣೋ!"

ಇದೆಲ್ಲ ಅವಳಿಗೆ ಯಾರೂ ಪಾಠ ಹೇಳಿ ಕಲಿಸಿದ್ದಲ್ಲ. ಬಟ್ಟೆ ಒಯ್ಯಲು ಬಂದ ಆಟಗಾರರನ್ನೆಲ್ಲ ನಿಲ್ಲಿಸಿಕೊಂಡು, ಈ ಕಲೆ ಹೇಗಾಯಿತು, ಈ ಹೊಲಿಗೆ ಯಾರು ಎಳೆದದ್ದು ಎಂದು ವರ್ಷಗಟ್ಟಲೆ ಕೇಳಿ ಕೇಳಿ ಕೂಡಿಸಿಕೊಂಡ ವಿದ್ಯೆ. ಯಾರಾದರೂ ಉದ್ದಕ್ಕೆ ಕಥೆ ಬಿಡತೊಡಗಿದರೆ ನಡುವೆಯೇ ಕತ್ತರಿಸುವಳು: "ನೋಡಿದ್ದು ಸಾಕು, ಕಂಡಿದ್ದು ಹೇಳು." ಮೈದಾನಕ್ಕೆ ಹೋಗಿ ನೋಡಬಾರದೇ ಎಂದರೆ, ಭಾನುವಾರ ಮಧ್ಯಾಹ್ನವೇ ನರ್ಸಿಂಗ್ ಹೋಮಿನ ಹಾಸು ಹೊದಿಕೆಗಳು ಬರುತ್ತಿದ್ದವು. ರೋಗಿಗಳು ಕಾಯಲಾರರು, ಆಟ ಕಾಯುತ್ತದೆ ಎಂಬುದು ಅವಳ ಸಿದ್ಧಾಂತ. ತಂಡದ ಕೋಚ್ ಅಂತಹ ಬಿಗುಮಾನದ ಮನುಷ್ಯ, ಆದರೂ ಸೋಮವಾರ ಗುಂಡಿ ಹೊಲಿಸುವ ನೆವ ಮಾಡಿಕೊಂಡು ಬಂದು ಕೌಂಟರಿಗೆ ಒರಗಿ, "ಏನಮ್ಮಾ, ನಮ್ಮೋರು ಹೇಗಾಡಿದ್ರು?" ಎಂದು ಕೇಳಿಕೊಂಡು ಹೋಗುತ್ತಿದ್ದ.

ನಾನು ಅಂಗಡಿಯ ವ್ಯಾನ್ ಓಡಿಸುವವನು. ಆ ಚೀಲ ತರುವುದು ನನ್ನ ಕೆಲಸ. ಆಟ ನಡೆಯುತ್ತಿದ್ದರೂ ಬೆನ್ನು ತಿರುಗಿಸಿ ವ್ಯಾನಿನಲ್ಲಿ ಕೂರುತ್ತಿದ್ದೆ. ಒಂದೂವರೆ ಗಂಟೆ ದನದ ಹಾಗೆ ಓಡಿ ಕಡೆಗೆ ಸೊನ್ನೆಗೆ ಸೊನ್ನೆ ಎನ್ನುತ್ತಾರಲ್ಲ, ಆ ಓಟವನ್ನು ನನ್ನ ವ್ಯಾನಿಗಾದರೂ ಕೊಟ್ಟರೆ ಡೀಸೆಲ್ ಉಳಿದೀತು ಎಂದು ಎಲ್ಲರೆದುರಿಗೆ ಆಡಿಕೊಂಡವನು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಒಂದು ಭಾನುವಾರ ಆ ಚೀಲದಿಂದ ಸೋರಿದ ಕೆಸರುನೀರು ಇಸ್ತ್ರಿಯಾದ ಬಿಳಿ ಹೊದಿಕೆಗಳ ಮೇಲೆ ಹರಿದದ್ದು ಕಂಡು ಪಿತ್ತ ನೆತ್ತಿಗೇರಿತು. ಅಕ್ಕ ಅಂಗಡಿಯಲ್ಲಿರಲಿಲ್ಲ. ಇಡೀ ಚೀಲವನ್ನು ಯಂತ್ರಕ್ಕೆ ಸುರಿದು ಗುಂಡಿ ಒತ್ತಿಬಿಟ್ಟೆ.

ಬಂದು ನೋಡಿದ ಅಕ್ಕ ಹೊಳೆಯುವ ಹನ್ನೊಂದು ಅಂಗಿಗಳ ಮುಂದೆ ಸಾವಿನ ಮನೆಗೆ ಬಂದವಳಂತೆ ನಿಂತಳು.

"ಒಂದು ಇಡೀ ಆಟ ತೊಳೆದು ಚರಂಡಿಗೆ ಬಿಟ್ಟೆಯಲ್ಲೋ!"

ಅದು ಎಂತಹ ಆಟವೆಂಬುದು ಮರುದಿನ ತಿಳಿಯಿತು. ತಂಡ ಒಂದು ಗೋಲಿನಿಂದ ಸೋತಿತ್ತು. ತಪ್ಪನ್ನು ಕೋಚ್ ನಾಲ್ಕನೇ ನಂಬರಿನವನ ತಲೆಗೆ ಕಟ್ಟಿದ್ದ. ನಾಲ್ಕನೆಯವನು ಕಾರ್ಖಾನೆಯ ಬಡಗಿ, ಗೋಲಿಯ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಆಟಗಾರ, ಮೂವತ್ತಾರು ತುಂಬಿದವನು. ಅದೇ ಅವನ ಕೊನೆಯ ವರ್ಷ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದ.

"ಅಕ್ಕಾ, ನಾನು ಸೋಮಾರಿಯಂತೆ, ನಿಂತು ನೋಡ್ತಿದ್ನಂತೆ. ಮುಂದಿನ ವಾರ ಒಂದು ಆಟ ನೋಡ್ತಾರಂತೆ, ಸರಿಹೋಗದಿದ್ರೆ ಕಪ್ಪಿನ ಕೊನೇ ಆಟಕ್ಕೆ ನಾನಿಲ್ಲ. ಹದಿನಾಲ್ಕು ವರ್ಷ ಆಡಿ, ಕಡೆಗೆ ಈ ಹೆಸರು ಹೊತ್ಕೊಂಡು ಹೋಗ್ಲಾ? ನನ್ನ ಅಂಗಿ ಕಂಡಿದ್ದೀರಲ್ಲ, ಒಂದು ಮಾತು ಹೇಳಿ."

ಅಕ್ಕ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಕಾಣದ್ದನ್ನ ಹೇಳೋಕೆ ನನಗೆ ನಾಲಿಗೆ ಏಳಲ್ಲಪ್ಪ" ಎಂದಳು. ಅವನು ಹೋದ ಮೇಲೆ ನನಗೆ ಶಿಕ್ಷೆ ವಿಧಿಸಿದಳು: "ಬರೋ ಭಾನುವಾರ ನೀನು ಮೈದಾನದಲ್ಲಿ ಕೂತ್ಕೋ. ಚೆಂಡು ನೋಡಬೇಡ. ಒಂದೂವರೆ ಗಂಟೆ ಅವನೊಬ್ಬನನ್ನ ನೋಡು."

ಹಲ್ಲು ಕಚ್ಚಿಕೊಂಡು ಹೋದೆ. ಜಿಟಿಜಿಟಿ ಮಳೆ, ಒದ್ದೆ ಬೆಂಚು. ಮೊದಲ ಕಾಲು ಗಂಟೆಯಲ್ಲಿ ಬಡಗಿ ಮೂಗೊರೆಸಿಕೊಂಡದ್ದು ಬಿಟ್ಟು ಬೇರೇನೂ ಮಾಡಿದಂತೆ ಕಾಣಲಿಲ್ಲ. ಕೋಚ್ ಹೇಳಿದ್ದರಲ್ಲಿ ಸುಳ್ಳೇನಿದೆ ಎಂದುಕೊಂಡೆ. ಆಮೇಲೆ ಮೆಲ್ಲಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಎದುರು ತಂಡದಲ್ಲೊಬ್ಬ ಮಿಂಚಿನಂತೆ ಓಡುವವನಿದ್ದ. ಅವನಿಗೆ ಚೆಂಡು ಸಿಕ್ಕಿ, ತಲೆಯೆತ್ತಿ ದಾರಿ ಹುಡುಕಿದಾಗಲೆಲ್ಲ ಆ ದಾರಿಯಲ್ಲಿ ಬಡಗಿ ಆಗಲೇ ನಿಂತಿರುತ್ತಿದ್ದ. ಓಡಿ ಬಂದು ನಿಂತದ್ದಲ್ಲ, ನಾಲ್ಕು ಹೆಜ್ಜೆ ಸುಮ್ಮನೆ ನಡೆದು ಬಂದು ನಿಂತದ್ದು. ಮಿಂಚು ಹಿಂದಕ್ಕೆ ತಿರುಗುತ್ತಿತ್ತು. ನಾನು ಗಲ್ಲಿಗಳಲ್ಲಿ ವ್ಯಾನ್ ಓಡಿಸಿ ತಲೆ ನರೆತವನು. ಎದುರಿನವನು ಎತ್ತ ತಿರುಗುತ್ತಾನೆಂದು ಅವನಿಗಿಂತ ಮೊದಲೇ ಗೊತ್ತಾಗುವ ಡ್ರೈವರಿಗೆ ಬ್ರೇಕು ಸವೆಯುವುದಿಲ್ಲ. ಇವನೂ ಅದೇ ಜಾತಿ! ಎದ್ದು ನಿಂತು, "ಬಂದ! ಆಗಲೇ ಬಂದುಬಿಟ್ಟ ನೋಡ್ರೀ!" ಎಂದು ಕೂಗಿದೆ. ಚೆಂಡು ಮೈದಾನದ ಆ ಕೊನೆಯಲ್ಲಿತ್ತು. ಪಕ್ಕದವನು ನನ್ನಿಂದ ಸ್ವಲ್ಪ ದೂರ ಸರಿದು ಕೂತ.

ಆಟ ಸೊನ್ನೆಗೆ ಸೊನ್ನೆ ಮುಗಿಯಿತು. ನನಗೆ ಜನ್ಮದಲ್ಲಿ ಮೊದಲ ಸಲ ಆ ಸೊನ್ನೆ ಬರಿದಾಗಿ ಕಾಣಲಿಲ್ಲ. ಅದನ್ನು ಒಬ್ಬ ಮನುಷ್ಯ ಹಲಗೆಗೆ ಹಲಗೆ ಜೋಡಿಸಿದ ಹಾಗೆ ಕಟ್ಟಿದ್ದ.

ಆದರೆ ಸಂಜೆ ತಂತಿಯ ಮುಂದೆ ಅಕ್ಕ ನಾಲ್ಕನೇ ಅಂಗಿಯ ಹತ್ತಿರ ನಿಂತವಳು ಕದಲಲಿಲ್ಲ. ಎಲ್ಲವೂ ಕೆಸರಿನ ಮುದ್ದೆ, ಅದೊಂದು ಚೊಕ್ಕ.

"ಕೋಚ್ ಹೇಳಿದ್ದೇ ನಿಜ ಕಣೋ. ನಿಂತೇ ಇದ್ದಾನೆ. ನಾಳೆ ಕೇಳಿದ್ರೆ ಹಾಗೇ ಹೇಳ್ತೀನಿ."

"ಏನು ನಿಂತೇ ಇದ್ದಾನೆ! ಬೀಳೋ ಗತಿ ಬರಲಿಲ್ಲ ಅವನಿಗೆ, ತಿಳೀತಾ? ಬೀಳೋನು ತಡವಾಗಿ ಬಂದೋನು!" ಅಕ್ಕನ ಮೇಲೆ ಅಷ್ಟು ಜೋರಾಗಿ ನಾನು ಎಂದೂ ಕೂಗಿರಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಬಡಗಿ ಮಾಡಿ, ಸೋಪಿನ ಬಿಲ್ಲೆಗಳನ್ನು ಎದುರು ತಂಡ ಮಾಡಿ, ಮೇಜಿನ ಮೇಲೆ ಇಡೀ ಆಟವನ್ನು ಆಡಿ ತೋರಿಸಿದೆ. ಅಕ್ಕ ಮಧ್ಯೆ ಮಧ್ಯೆ ತಡೆದಳು. ಆಗ ಎಲ್ಲಿ ನೋಡ್ತಿದ್ದ? ಕಾಲು ಯಾವ ಕಡೆಗಿತ್ತು? ನೋಡಿದ್ದೋ, ಕಂಡಿದ್ದೋ? ನಾನು ಕಂಡದ್ದನ್ನೇ ಹೇಳಿದೆ. ಕೊನೆಗೆ ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಹಾಗಿದ್ರೆ ಇಷ್ಟು ವರ್ಷ ಚೊಕ್ಕ ಅಂಗಿಯೋರನ್ನೆಲ್ಲ ನಾನು ಸೋಮಾರಿ ಅಂದೆನಲ್ಲೋ. ಅವರಲ್ಲಿ ಎಷ್ಟು ಜನ ಇಂಥೋರಿದ್ದರೋ."

ಮರುದಿನ ಕೋಚ್ ಬರುವವರೆಗೂ ಅವಳು ಕಾಯಲಿಲ್ಲ. ಕೋಟಿನ ತೋಳು ಮಡಚಿಕೊಂಡು, ಎಡಕ್ಕೆ ವಾಲುತ್ತ, ಕಾರ್ಖಾನೆಯ ಗೇಟು ದಾಟಿ ಅವನ ಕೋಣೆಗೇ ನುಗ್ಗಿದಳು. ಆ ಅಂಗಿಯನ್ನು ಮೇಜಿನ ಮೇಲೆ ಹರಡಿದಳು.

"ಸಾರ್, ನಾನು ತಪ್ಪು ಓದ್ತಿದ್ದೆ. ಕೊಳೆ ಆಗದೇ ಇರೋದೂ ಒಂದು ಕೆಲಸ. ಅದು ನನ್ನ ತಂತಿ ಮೇಲೆ ಕಾಣಲ್ಲ, ಮೈದಾನದಲ್ಲಿ ಕಾಣುತ್ತೆ. ಅಲ್ಲಿ ನಾನಿರಲಿಲ್ಲ, ನೀವಿದ್ರಿ."

ಕೋಚ್ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. "ಆಡ್ಲಿ ಬಿಡಮ್ಮ" ಎಂದ.

ಕೊನೆಯ ಪಂದ್ಯದ ದಿನ ಕೂಗಿ ಕೂಗಿ ನನ್ನ ಗಂಟಲು ಅರ್ಧ ಆಟಕ್ಕೇ ಕೈಕೊಟ್ಟಿತು. ಚೀಲ ಹೊತ್ತು ಅಂಗಡಿಗೆ ಬಂದಾಗ ಬಾಯಿಂದ ಗಾಳಿ ಬಿಟ್ಟರೆ ಶಬ್ದ ಹೊರಡುತ್ತಿರಲಿಲ್ಲ. ಹೊರಡುತ್ತಿದ್ದರೂ ಅಕ್ಕ ಬಿಡುತ್ತಿರಲಿಲ್ಲ. ಅಂಗೈ ಎತ್ತಿ ಸುಮ್ಮನಿರಿಸಿ, ಒಂದೊಂದಾಗಿ ನೇತುಹಾಕಿದಳು. ಕೈ ಹಿಂದೆ ಕಟ್ಟಿ ನಡೆದಳು. ಐದನೆಯವನ ಬಲ ಹೆಗಲ ಕೆಳಗೆ, ಎದೆಯ ಮೇಲೆ, ಬೇರೊಬ್ಬರ ಶೂನಿಂದ ಮೆತ್ತಿದ ಕೆಸರು. ಏಳನೆಯವನ ಎಡ ಹೆಗಲ ಕೆಳಗೂ ಅದೇ. ಅವಳ ಹೆಜ್ಜೆ ನಿಧಾನವಾಯಿತು.

"ಯಾರನ್ನೋ ಹೊತ್ತು ಮೆರೆಸಿದ್ದಾರೆ. ಅಂದ್ರೆ ಗೆದ್ದಿದ್ದೀವಿ."

ಹಿಂದಿರುಗಿ ಬಂದು ನಾಲ್ಕರ ಮುಂದೆ ನಿಂತಳು. ಅಂಗಿ ಆವತ್ತೂ ಮಲ್ಲಿಗೆಯಷ್ಟು ಚೊಕ್ಕ. ಚಡ್ಡಿಯನ್ನು ತಿರುಗಿಸಿದಳು: ಹಿಂಭಾಗದಲ್ಲಿ ಎರಡು ಹೆಗಲಿನಗಲದ ಕೆಸರು, ಒಂದು ಆ ಕಡೆ, ಒಂದು ಈ ಕಡೆ.

"ಇವನನ್ನ!" ಎಂದು ಅಕ್ಕ ಕೂಗಿದ್ದಕ್ಕೆ ಎದುರು ಅಂಗಡಿಯವರು ಹೊರಗೆ ಬಂದು ನೋಡಿದರು. ಆ ಒಂದು ಚಡ್ಡಿಯನ್ನು ಅವಳು ಮೂರು ದಿನ ತೊಳೆಯಲಿಲ್ಲ. ಬಡಗಿ ಬಂದು ಕಣ್ತುಂಬ ನೋಡಿಕೊಂಡ ಮೇಲೆಯೇ ಅದು ನೀರಿಗೆ ಬಿದ್ದದ್ದು.

ಈಗ ನಾನು ಪ್ರತಿ ಭಾನುವಾರ ಒಂದು ಗಂಟೆ ಮೊದಲೇ ಮೈದಾನಕ್ಕೆ ಹೋಗುತ್ತೇನೆ. ಚೆಂಡನ್ನು ನೋಡುವವರು ಸಾವಿರ ಜನ ಇರುತ್ತಾರೆ; ನಾನು ಚೆಂಡಿಲ್ಲದವರನ್ನು ನೋಡುತ್ತೇನೆ. ಲೋಕದ ಎಲ್ಲ ಆಟಗಳ ಹಿಂದೆಯೂ ಅಕ್ಕನಂಥವರು ಕೆಲವರು ಇದ್ದೇ ಇರುತ್ತಾರೆ. ಮೆರವಣಿಗೆಗೆ ಅವರನ್ನು ಯಾರೂ ಕರೆಯುವುದಿಲ್ಲ, ಅವರೂ ಕಾಯುವುದಿಲ್ಲ. ಇತರರು ಬಿಟ್ಟುಹೋದ ಕಲೆಯಲ್ಲೇ ಆ ಇತರರ ಶ್ರಮವನ್ನೆಲ್ಲ ಓದಿಕೊಳ್ಳುತ್ತಾರೆ. ಅಂಥವರ ಕಣ್ಣು ದೊಡ್ಡದು, ನಿಜ. ಆದರೆ ಮೂವತ್ತು ವರ್ಷ ಓದಿದ್ದು ತಪ್ಪೆಂದು ತಿಳಿದ ದಿನ, ಅದನ್ನು ಮುಚ್ಚಿಡದೆ ಕೈಯಲ್ಲಿ ಹಿಡಿದು ಗೇಟು ದಾಟಿ ನಡೆಯುವ ಅವರ ಕಾಲು ಇನ್ನೂ ದೊಡ್ಡದು.